ಇ-ಮೇಲ್‌ನ ಬಟನ್ ಮಾಯವಾದರೆ ಕಂಪ್ಯೂಟರ್ ಹ್ಯಾಕ್ ಆಗಿದೆ ಎಂದರ್ಥವೇ? ಟೂಲ್‌ಬಾರ್ ಬಗ್ಗೆ ನೀವು ತಿಳಿಯಬೇಕಾದದ್ದು

ಸಾರಾಂಶ

ಕಂಪ್ಯೂಟರ್‌ನ ಇ-ಮೇಲ್ ಪ್ರೋಗ್ರಾಮ್‌ನಲ್ಲಿ 'ರಿಪ್ಲೈ', 'ಪ್ರಿಂಟ್', 'ಡಿಲೀಟ್' ಮುಂತಾದ ಬಟನ್‌ಗಳು ಇದ್ದಕ್ಕಿದ್ದಂತೆ ಕಾಣದಿದ್ದರೆ ವೈರಸ್ ಬಂದಿದೆ ಅಥವಾ ಖಾತೆ ಹ್ಯಾಕ್ ಆಗಿದೆ ಎಂಬ ನಂಬಿಕೆ ಅನೇಕರಲ್ಲಿದೆ. ಬಟನ್ ಕಾಣದಿರುವುದೊಂದೇ ಅದಕ್ಕೆ ಸಾಕ್ಷಿಯಲ್ಲ. ಹೆಚ್ಚಿನ ಸಂದರ್ಭದಲ್ಲಿ ಪ್ರೋಗ್ರಾಮ್ ಅಪ್‌ಡೇಟ್ ಆಗಿರುತ್ತದೆ, ಇಲ್ಲವೇ ಯಾರೋ ತಿಳಿಯದೆ ಟೂಲ್‌ಬಾರ್ ಬದಲಿಸಿರುತ್ತಾರೆ. ಎರಡು ನಿಮಿಷದಲ್ಲಿ, ಒಂದು ರೂಪಾಯಿ ಖರ್ಚಿಲ್ಲದೆ, ಇದನ್ನು ನೀವೇ ಸರಿಪಡಿಸಬಹುದು. ನಿಜವಾದ ಅಪಾಯ ಇರುವುದು ಗಾಬರಿಯಲ್ಲಿ ಇಂಟರ್ನೆಟ್‌ನಲ್ಲಿ 'ಕಸ್ಟಮರ್ ಕೇರ್' ನಂಬರ್ ಹುಡುಕಿ ಕರೆ ಮಾಡುವುದರಲ್ಲಿ.

ಇದು ಯಾರಿಗೆ ಸಂಬಂಧಿಸಿದ್ದು?

ನಮ್ಮಲ್ಲಿ ಹೆಚ್ಚಿನವರು ಇ-ಮೇಲ್ ನೋಡುವುದು ಫೋನಿನಲ್ಲೇ. ಆದರೆ ಊರಿನ ಕೆಲಸ ನಡೆಯುವುದು ಇಂದಿಗೂ ಕಂಪ್ಯೂಟರ್‌ನಲ್ಲಿ. ಬೆಳಗಾವಿ ಜಿಲ್ಲೆಯ ಎಂ.ಕೆ. ಹುಬ್ಬಳ್ಳಿಯನ್ನೇ ತೆಗೆದುಕೊಳ್ಳಿ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಬದಿಗೆ, ಮಲಪ್ರಭಾ ನದಿಯ ದಂಡೆಗೆ ಇರುವ ಊರು. ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಾಗಿ ಸುತ್ತಲಿನ ಕಬ್ಬು ಬೆಳೆಗಾರರಿಗೆಲ್ಲ ಪರಿಚಿತ. ಇಂಥ ಊರುಗಳಲ್ಲಿ ಪಹಣಿ, ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನದ ಫಾರ್ಮ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಯಾವುದೋ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಮೂಲಕವೇ ಹೋಗುತ್ತವೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಇದೇ ಕಥೆ.

ಈಗ ಊಹಿಸಿಕೊಳ್ಳಿ. ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಅಂಗಡಿಯ ಮುಂದೆ ಹತ್ತು ಮಂದಿ ನಿಂತಿದ್ದಾರೆ. ಮೇಲ್ ತೆರೆದರೆ ನಿನ್ನೆ ಇದ್ದ 'ಪ್ರಿಂಟ್' ಬಟನ್ ಇಂದು ಇಲ್ಲ. ಯಾರೋ 'ಹ್ಯಾಕ್ ಆಗಿರಬೇಕು' ಅನ್ನುತ್ತಾರೆ. ಇನ್ನೊಬ್ಬರು ಫೋನ್ ತೆಗೆದು ಸಹಾಯವಾಣಿ ಹುಡುಕುತ್ತಾರೆ. ತೊಂದರೆ ಶುರುವಾಗುವುದು ಇಲ್ಲಿಂದಲೇ. ಆದ್ದರಿಂದ ಈ ಲೇಖನದಲ್ಲಿ ನಾವು ಟೂಲ್‌ಬಾರ್ ಎಂದರೇನು, ಬಟನ್ ಏಕೆ ಮಾಯವಾಗುತ್ತದೆ, ಅದನ್ನು ಮರಳಿ ತರುವುದು ಹೇಗೆ ಮತ್ತು ಇದರ ಸುತ್ತ ಹಬ್ಬಿರುವ ತಪ್ಪು ತಿಳಿವಳಿಕೆಗಳೇನು ಎಂಬುದನ್ನು ವಿವರಿಸುತ್ತೇವೆ.

ಟೂಲ್‌ಬಾರ್ ಎಂದರೇನು?

ಅಂಗಡಿಯ ಮೇಜನ್ನು ನೆನಪಿಸಿಕೊಳ್ಳಿ. ಪದೇ ಪದೇ ಬೇಕಾಗುವ ಸ್ಟೇಪ್ಲರ್, ಕತ್ತರಿ, ಗೋಂದು ಕೈಗೆ ಸಿಗುವಂತೆ ಮೇಜಿನ ಮೇಲೆ ಇರುತ್ತವೆ. ಅಪರೂಪಕ್ಕೆ ಬೇಕಾಗುವ ಸಾಮಾನು ಕಪಾಟಿನಲ್ಲಿ ಇರುತ್ತದೆ. ಇ-ಮೇಲ್ ಪ್ರೋಗ್ರಾಮ್‌ನ ಟೂಲ್‌ಬಾರ್ ಆ ಮೇಜು, ಮೆನು ಆ ಕಪಾಟು. ಸ್ಟೇಪ್ಲರ್ ಅನ್ನು ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟರೆ ಅದು ಕಳೆದುಹೋಗುವುದಿಲ್ಲ. ಹಾಗೆಯೇ ಬಟನ್ ಅನ್ನು ಟೂಲ್‌ಬಾರ್‌ನಿಂದ ತೆಗೆದರೆ ಆ ಸೌಲಭ್ಯ ಅಳಿದುಹೋಗುವುದಿಲ್ಲ. ಮೆನುವಿನಲ್ಲಿ, ಕೀಬೋರ್ಡ್ ಶಾರ್ಟ್‌ಕಟ್‌ನಲ್ಲಿ ಅದು ಇದ್ದೇ ಇರುತ್ತದೆ.

ಇಲ್ಲಿ ನಾವು ಥಂಡರ್‌ಬರ್ಡ್ ಎಂಬ ಪ್ರೋಗ್ರಾಮ್ ಅನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಇದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಇದರ ಮೊದಲ ಪೂರ್ಣ ಆವೃತ್ತಿ 1.0 ಬಂದದ್ದು 2004ರ ಡಿಸೆಂಬರ್‌ನಲ್ಲಿ. ಫೈರ್‌ಫಾಕ್ಸ್ ಬ್ರೌಸರ್‌ನ ಹಿಂದಿರುವ ಮೋಜಿಲ್ಲಾ ಬಳಗದ್ದೇ ಈ ಪ್ರೋಗ್ರಾಮ್.

ಬಟನ್ ಏಕೆ ಮಾಯವಾಗುತ್ತದೆ?

ಸಾಮಾನ್ಯವಾಗಿ ಈ ಆರರಲ್ಲಿ ಒಂದು ಕಾರಣ ಇರುತ್ತದೆ.

ಒಂದು, ಅಪ್‌ಡೇಟ್. 2023ರ ಜುಲೈನಲ್ಲಿ ಬಂದ ಥಂಡರ್‌ಬರ್ಡ್ 115ನೇ ಆವೃತ್ತಿಯಲ್ಲಿ ಇಡೀ ರೂಪವೇ ಬದಲಾಯಿತು. ಹಳೆಯ ಟೂಲ್‌ಬಾರ್ ಬದಲು ವಿಂಡೋದ ತುತ್ತತುದಿಯಲ್ಲಿ ಒಂದೇ ಉದ್ದನೆಯ ಪಟ್ಟಿ ಬಂತು. ಹೊಸದಾಗಿ ಹಾಕಿಕೊಂಡವರಿಗೆ ಆ ಪಟ್ಟಿಯಲ್ಲಿ ಮುಖ್ಯವಾಗಿ ಕಾಣುವುದು ಹುಡುಕುವ ಪೆಟ್ಟಿಗೆ ಮಾತ್ರ. ಉಳಿದ ಬಟನ್‌ಗಳನ್ನು ನಮಗೆ ಬೇಕಾದಂತೆ ನಾವೇ ಸೇರಿಸಿಕೊಳ್ಳಬೇಕು. ಹಳೆಯ ರೂಪಕ್ಕೆ ಕಣ್ಣು ಒಗ್ಗಿದವರಿಗೆ ಇದು ಏನೋ ಕೆಟ್ಟುಹೋದಂತೆ ಕಾಣುವುದು ಸಹಜ.

ಎರಡು, ಜಾಗ ಬದಲಾವಣೆ. ಹೊಸ ರೂಪದಲ್ಲಿ 'ಗೆಟ್ ಮೆಸೇಜಸ್' ಮತ್ತು 'ನ್ಯೂ ಮೆಸೇಜ್' ಬಟನ್‌ಗಳು ಎಡಬದಿಯ ಫೋಲ್ಡರ್ ಪಟ್ಟಿಯ ಮೇಲ್ಭಾಗದಲ್ಲಿ ಇರುತ್ತವೆ. 'ರಿಪ್ಲೈ', 'ಫಾರ್ವರ್ಡ್', 'ಆರ್ಕೈವ್', 'ಜಂಕ್', 'ಡಿಲೀಟ್' ಇವು ತೆರೆದ ಮೇಲ್‌ನ ತಲೆಭಾಗದಲ್ಲಿ ಇರುತ್ತವೆ. ಅವು ಹೋಗಿಲ್ಲ, ಮನೆ ಬದಲಿಸಿವೆ ಅಷ್ಟೆ.

ಮೂರು, ನೀವು ಬೇರೆ ವಿಭಾಗದಲ್ಲಿದ್ದೀರಿ. ಮೇಲ್, ವಿಳಾಸ ಪುಸ್ತಕ, ಕ್ಯಾಲೆಂಡರ್ ಪ್ರತಿಯೊಂದಕ್ಕೂ ಬೇರೆ ಬೇರೆ ಬಟನ್‌ಗಳ ಸೆಟ್ ಇರುತ್ತದೆ. ಕ್ಯಾಲೆಂಡರ್ ತೆರೆದುಕೊಂಡು ಮೇಲ್‌ನ ಬಟನ್ ಹುಡುಕಿದರೆ ಸಿಗುವುದಿಲ್ಲ.

ನಾಲ್ಕು, ಯಾವ ಮೇಲ್ ಅನ್ನೂ ಆರಿಸಿಲ್ಲ. ಆಗ ಕೆಲವು ಬಟನ್‌ಗಳು ಮಂಕಾಗಿರುತ್ತವೆ. ಒಂದು ಮೇಲ್ ಮೇಲೆ ಕ್ಲಿಕ್ ಮಾಡಿದ ಕೂಡಲೇ ಜೀವ ಬರುತ್ತದೆ.

ಐದು, ಬೇರೆಯವರ ಕೈಚಳಕ. ಒಂದೇ ಕಂಪ್ಯೂಟರ್ ಅನ್ನು ನಾಲ್ಕು ಮಂದಿ ಬಳಸುವಲ್ಲಿ ಯಾರೋ ಮೌಸ್‌ನ ಬಲ ಗುಂಡಿ ಒತ್ತಿ ಮೆನು ಬಾರ್ ಮರೆಮಾಡಿರಬಹುದು ಅಥವಾ ಬಟನ್ ಎಳೆದು ತೆಗೆದಿರಬಹುದು.

ಆರು, ಆ್ಯಡ್-ಆನ್. ಹೊರಗಿನಿಂದ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯ ಹೊಸ ಆವೃತ್ತಿಗೆ ಹೊಂದದಿದ್ದರೆ ಅದರ ಬಟನ್ ಕೂಡ ಕಾಣೆಯಾಗುತ್ತದೆ.

ಮರಳಿ ತರುವುದು ಹೇಗೆ?

ಇದಕ್ಕೆ ತಜ್ಞರು ಬೇಕಿಲ್ಲ. ಹೀಗೆ ಮಾಡಿ.

1. ಥಂಡರ್‌ಬರ್ಡ್ ತೆರೆದು ಮೇಲ್ ವಿಭಾಗದಲ್ಲಿರಿ. ತುದಿಯ ಪಟ್ಟಿಯಲ್ಲಿ ಖಾಲಿ ಇರುವ ಜಾಗದ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ.

2. ಬರುವ ಚಿಕ್ಕ ಮೆನುವಿನಲ್ಲಿ 'ಕಸ್ಟಮೈಸ್' ಆಯ್ಕೆ ಮಾಡಿ.

3. ಲಭ್ಯವಿರುವ ಎಲ್ಲ ಬಟನ್‌ಗಳ ಪಟ್ಟಿ ತೆರೆಯುತ್ತದೆ. 'ಪ್ರಿಂಟ್', 'ರಿಪ್ಲೈ ಆಲ್', 'ಟ್ಯಾಗ್', 'ಕ್ವಿಕ್ ಫಿಲ್ಟರ್' ಹೀಗೆ. ಪಟ್ಟಿ ಉದ್ದವೆನಿಸಿದರೆ ಅಲ್ಲೇ ಹುಡುಕುವ ಪೆಟ್ಟಿಗೆಯೂ ಇದೆ.

4. ಬೇಕಾದ ಬಟನ್ ಅನ್ನು ಎಳೆದು ಮೇಲಿನ ಪಟ್ಟಿಯಲ್ಲಿ ಬೇಕಾದ ಜಾಗಕ್ಕೆ ಬಿಡಿ. ಬೇಡವಾದದ್ದನ್ನು ಅಲ್ಲಿಂದ ಕೆಳಗೆ ಎಳೆದು ಹಾಕಿ. ಎರಡು ಬಟನ್‌ಗಳ ನಡುವೆ ಅಂತರ ಬೇಕಿದ್ದರೆ 'ಸ್ಪೇಸ್' ಎಂಬುದನ್ನೂ ಎಳೆದು ಸೇರಿಸಬಹುದು.

5. ಬಟನ್‌ನ ಶೈಲಿ ಆರಿಸಿ. ಬರೀ ಚಿತ್ರ, ಬರೀ ಅಕ್ಷರ, ಚಿತ್ರದ ಪಕ್ಕದಲ್ಲಿ ಅಕ್ಷರ, ಚಿತ್ರದ ಕೆಳಗೆ ಅಕ್ಷರ ಎಂಬ ಆಯ್ಕೆಗಳಿವೆ. ಹಲವರು ಬಳಸುವ ಕಂಪ್ಯೂಟರ್‌ನಲ್ಲಿ ಚಿತ್ರದ ಜೊತೆ ಅಕ್ಷರವೂ ಇರಲಿ ಎಂಬುದು ನಮ್ಮ ಸಲಹೆ. ಬರೀ ಚಿತ್ರ ನೋಡಿ 'ಆರ್ಕೈವ್' ಯಾವುದು, 'ಡಿಲೀಟ್' ಯಾವುದು ಎಂದು ಗೊಂದಲವಾಗುತ್ತದೆ.

6. ಕೊನೆಗೆ 'ಸೇವ್' ಒತ್ತಿ. ಇದನ್ನು ಮರೆತು ಹೊರಬಂದರೆ ಮಾಡಿದ ಬದಲಾವಣೆ ಉಳಿಯುವುದಿಲ್ಲ.

ಏನಾದರೂ ಎಡವಟ್ಟಾಯಿತೆಂದರೆ ಅದೇ ಪರದೆಯಲ್ಲಿ 'ರಿಸ್ಟೋರ್ ಡಿಫಾಲ್ಟ್' ಇದೆ. ಅದನ್ನು ಒತ್ತಿದರೆ ಪಟ್ಟಿ ಮೊದಲಿನ ಸ್ಥಿತಿಗೆ ಬರುತ್ತದೆ. ನಿಮ್ಮ ಒಂದೇ ಒಂದು ಮೇಲ್ ಕೂಡ ಇದರಿಂದ ಅಳಿಯುವುದಿಲ್ಲ.

ಎಡಬದಿಯ 'ಗೆಟ್ ಮೆಸೇಜಸ್' ಬಟನ್ ಕಾಣದಿದ್ದರೆ ಫೋಲ್ಡರ್ ಪಟ್ಟಿಯ ಮೇಲಿರುವ ಮೂರು ಚುಕ್ಕಿ ಒತ್ತಿ ನೋಡಿ, ಅಲ್ಲಿ ಅದನ್ನು ತೋರಿಸುವ ಆಯ್ಕೆ ಇದೆ. ಮೇಲ್ ಬರೆಯುವ ವಿಂಡೋಗೆ ತನ್ನದೇ ಟೂಲ್‌ಬಾರ್ ಇರುತ್ತದೆ. 'ಅಟ್ಯಾಚ್', 'ಸ್ಪೆಲ್ಲಿಂಗ್', 'ಸೇವ್' ಮುಂತಾದವು ಅಲ್ಲಿ ಬೇಕಿದ್ದರೆ ಆ ವಿಂಡೋದ ಟೂಲ್‌ಬಾರ್ ಮೇಲೆಯೇ ಬಲ ಗುಂಡಿ ಒತ್ತಿ ಬದಲಿಸಬೇಕು. 'ಫೈಲ್', 'ಎಡಿಟ್', 'ವ್ಯೂ' ಎಂಬ ಹಳೆಯ ಮೆನು ಸಾಲು ಕಾಣದಿದ್ದರೆ, ವಿಂಡೋಸ್‌ನಲ್ಲಿ ಕೀಬೋರ್ಡ್‌ನ 'ಆಲ್ಟ್' ಕೀ ಒಮ್ಮೆ ಒತ್ತಿ. ಮೆನು ಬರುತ್ತದೆ. ಅದರಲ್ಲಿ 'ವ್ಯೂ', ನಂತರ 'ಟೂಲ್‌ಬಾರ್ಸ್', ನಂತರ 'ಮೆನು ಬಾರ್' ಆರಿಸಿದರೆ ಶಾಶ್ವತವಾಗಿ ನಿಲ್ಲುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ 'ಹೆಲ್ಪ್' ಮೆನುವಿನಲ್ಲಿ 'ಟ್ರಬಲ್‌ಶೂಟ್ ಮೋಡ್' ಇದೆ. ಆ್ಯಡ್-ಆನ್‌ಗಳನ್ನು ತಾತ್ಕಾಲಿಕವಾಗಿ ಬದಿಗಿಟ್ಟು ಪ್ರೋಗ್ರಾಮ್ ತೆರೆಯುತ್ತದೆ. ಆಗ ಎಲ್ಲ ಸರಿಯಿದ್ದರೆ ಯಾವುದೋ ಆ್ಯಡ್-ಆನ್‌ನದೇ ತಂಟೆ ಎಂದು ಗೊತ್ತಾಗುತ್ತದೆ.

ಔಟ್‌ಲುಕ್ ಬಳಸುವವರು? ಹಳೆಯ ಡೆಸ್ಕ್‌ಟಾಪ್ ಔಟ್‌ಲುಕ್‌ನಲ್ಲಿ 'ಫೈಲ್', ನಂತರ 'ಆಪ್ಷನ್ಸ್', ನಂತರ 'ಕಸ್ಟಮೈಸ್ ರಿಬ್ಬನ್' ಎಂಬಲ್ಲಿ ಇದೇ ಕೆಲಸ ಆಗುತ್ತದೆ. ತತ್ವ ಒಂದೇ, ಬಾಗಿಲು ಬೇರೆ.

ಬಟನ್ ಇಲ್ಲದೆಯೂ ಕೆಲಸ ನಡೆಯುತ್ತದೆ

ಸಾಲಿನಲ್ಲಿ ಜನ ಕಾಯುತ್ತಿರುವಾಗ ಬಟನ್ ಹುಡುಕುತ್ತ ಕೂರುವ ಅಗತ್ಯವಿಲ್ಲ. ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಥಂಡರ್‌ಬರ್ಡ್‌ನ ಈ ಶಾರ್ಟ್‌ಕಟ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಪಕ್ಕ ಅಂಟಿಸಿ.

ಹೊಸ ಮೇಲ್: ಕಂಟ್ರೋಲ್ + ಎನ್
ಉತ್ತರ: ಕಂಟ್ರೋಲ್ + ಆರ್
ಎಲ್ಲರಿಗೂ ಉತ್ತರ: ಕಂಟ್ರೋಲ್ + ಶಿಫ್ಟ್ + ಆರ್
ಫಾರ್ವರ್ಡ್: ಕಂಟ್ರೋಲ್ + ಎಲ್
ಪ್ರಿಂಟ್: ಕಂಟ್ರೋಲ್ + ಪಿ
ಹೊಸ ಮೇಲ್ ತರಿಸಲು: ಎಫ್5
ಈಗ ತಾನೇ ಮಾಡಿದ್ದನ್ನು ಹಿಂಪಡೆಯಲು: ಕಂಟ್ರೋಲ್ + ಝಡ್

ಒಂದು ಎಚ್ಚರಿಕೆ. ಮೇಲ್‌ಗಳ ಪಟ್ಟಿಯಲ್ಲಿ ಬರೀ 'ಎ' ಒತ್ತಿದರೆ ಆರ್ಕೈವ್, ಬರೀ 'ಜೆ' ಒತ್ತಿದರೆ ಜಂಕ್. ಕೀಬೋರ್ಡ್ ಮೇಲೆ ಕೈ ಬಿದ್ದು ಮೇಲ್ ಕಾಣೆಯಾಗುವುದು ಎಷ್ಟೋ ಸಲ ಹೀಗೆಯೇ. ಗಾಬರಿಯಾಗದೆ ಕೂಡಲೇ ಕಂಟ್ರೋಲ್ + ಝಡ್ ಒತ್ತಿ, ಇಲ್ಲವೇ 'ಆರ್ಕೈವ್ಸ್' ಮತ್ತು 'ಜಂಕ್' ಫೋಲ್ಡರ್ ನೋಡಿ.

ತಪ್ಪು ತಿಳಿವಳಿಕೆಗಳು ಮತ್ತು ವಾಸ್ತವ

ಹೇಳಿಕೆ 1: ಬಟನ್ ಮಾಯವಾದರೆ ಖಾತೆ ಹ್ಯಾಕ್ ಆಗಿದೆ.

ವಾಸ್ತವ: ಖಾತೆಯನ್ನು ಕದ್ದವರಿಗೆ ನಿಮ್ಮ ಟೂಲ್‌ಬಾರ್ ಬದಲಿಸುವುದರಿಂದ ಲಾಭವೇನೂ ಇಲ್ಲ. ಬದಲಿಗೆ ನಿಮಗೆ ಅನುಮಾನ ಬರುತ್ತದೆ. ಅವರು ಬಯಸುವುದು ನಿಮಗೆ ಏನೂ ತಿಳಿಯದಿರುವುದನ್ನು. ಹ್ಯಾಕ್‌ನ ನಿಜವಾದ ಲಕ್ಷಣಗಳು ಬೇರೆ. ನೀವು ಕಳಿಸದ ಮೇಲ್ 'ಸೆಂಟ್' ಫೋಲ್ಡರ್‌ನಲ್ಲಿರುವುದು, ಪಾಸ್‌ವರ್ಡ್ ತಾನಾಗಿ ಬದಲಾಗಿರುವುದು, ಅಪರಿಚಿತ ಸ್ಥಳದಿಂದ ಲಾಗಿನ್ ಆದ ಎಚ್ಚರಿಕೆ ಬರುವುದು, ನಿಮ್ಮ ಮೇಲ್‌ಗಳೆಲ್ಲ ಬೇರೊಂದು ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಸೆಟ್ಟಿಂಗ್ ಬದಲಾಗಿರುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ, ಫಾರ್ವರ್ಡಿಂಗ್ ಸೆಟ್ಟಿಂಗ್ ಪರಿಶೀಲಿಸಿ.

ಹೇಳಿಕೆ 2: 'ಜಂಕ್' ಒತ್ತಿದರೆ ಕಳಿಸಿದವರ ಮೇಲೆ ಪೊಲೀಸ್ ದೂರು ದಾಖಲಾಗುತ್ತದೆ, ಅವರು ಬ್ಲಾಕ್ ಆಗುತ್ತಾರೆ.

ವಾಸ್ತವ: ಎರಡೂ ಆಗುವುದಿಲ್ಲ. ಥಂಡರ್‌ಬರ್ಡ್‌ನಲ್ಲಿ ಜಂಕ್ ಬಟನ್ ಒತ್ತಿದರೆ 'ಇಂಥ ಮೇಲ್ ನನಗೆ ಬೇಡ' ಎಂದು ಪ್ರೋಗ್ರಾಮ್‌ಗೆ ಕಲಿಸಿದಂತೆ. ಯಾವ ಪದಗಳು ಬೇಡದ ಮೇಲ್‌ನಲ್ಲಿ ಹೆಚ್ಚು ಬರುತ್ತವೆ, ಯಾವುವು ಒಳ್ಳೆಯ ಮೇಲ್‌ನಲ್ಲಿ ಬರುತ್ತವೆ ಎಂಬ ಲೆಕ್ಕದ ಮೇಲೆ ಅದು ಮುಂದಿನ ಮೇಲ್‌ಗಳನ್ನು ಅಂದಾಜು ಮಾಡುತ್ತದೆ. ಆದ್ದರಿಂದ ಬ್ಯಾಂಕ್ ಅಥವಾ ಕಾಲೇಜಿನ ನಿಜವಾದ ಮೇಲ್ ಅನ್ನು ಬೇಸರಕ್ಕೆ ಜಂಕ್ ಎಂದು ಒತ್ತಬೇಡಿ. ಮುಂದೆ ಮುಖ್ಯವಾದ ಮೇಲ್ ಕೂಡ ಅಲ್ಲಿಗೇ ಹೋಗಿ ಬಿದ್ದೀತು. ತಪ್ಪಾಗಿ ಒತ್ತಿದ್ದರೆ 'ನಾಟ್ ಜಂಕ್' ಒತ್ತಿ ತಿದ್ದಿ.

ಹೇಳಿಕೆ 3: ಕಂಪ್ಯೂಟರ್‌ನಲ್ಲಿ ಡಿಲೀಟ್ ಮಾಡಿದರೆ ಫೋನಿನಲ್ಲಿ ಇದ್ದೇ ಇರುತ್ತದೆ.

ವಾಸ್ತವ: ಇದು ಖಾತೆಯನ್ನು ಜೋಡಿಸಿದ ರೀತಿಯ ಮೇಲೆ ನಿಂತಿದೆ. ಐಮ್ಯಾಪ್ ವಿಧಾನದಲ್ಲಿ ಜೋಡಿಸಿದ್ದರೆ ಕಂಪ್ಯೂಟರ್, ಫೋನ್ ಎರಡೂ ಸರ್ವರ್‌ನಲ್ಲಿರುವ ಒಂದೇ ಮೇಲ್‌ಪೆಟ್ಟಿಗೆಯನ್ನು ನೋಡುತ್ತವೆ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಹೋಗುತ್ತದೆ. ಪಾಪ್ ವಿಧಾನದಲ್ಲಿ ಮೇಲ್ ಕಂಪ್ಯೂಟರ್‌ಗೆ ಇಳಿಯುತ್ತದೆ, ಸರ್ವರ್‌ನಲ್ಲಿ ಪ್ರತಿ ಉಳಿಯಬೇಕೇ ಎಂಬುದು ಸೆಟ್ಟಿಂಗ್‌ಗೆ ಬಿಟ್ಟದ್ದು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಐಮ್ಯಾಪ್. 'ಡಿಲೀಟ್' ಒತ್ತಿದರೆ ಸಾಮಾನ್ಯವಾಗಿ ಮೇಲ್ ಮೊದಲು 'ಟ್ರ್ಯಾಶ್'ಗೆ ಹೋಗುತ್ತದೆ, ಅಲ್ಲಿಂದ ಮರಳಿ ತರಬಹುದು. ಆದರೆ ಶಿಫ್ಟ್ + ಡಿಲೀಟ್ ಒತ್ತಿದರೆ ನೇರವಾಗಿ ಅಳಿಯುತ್ತದೆ.

ಹೇಳಿಕೆ 4: ಕನ್ನಡದ ಮೇಲ್ ಚಿತ್ರವಿಚಿತ್ರ ಅಕ್ಷರಗಳಲ್ಲಿ ಬಂದರೆ ಅದು ವೈರಸ್.

ವಾಸ್ತವ: ಬಹುತೇಕ ಇದು ಫಾಂಟ್‌ನ ಸಮಸ್ಯೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಆಕಾರವನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತದ ಜಾಗದಲ್ಲಿ ಕೂರಿಸಲಾಗಿತ್ತು. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವುದರಿಂದ ಈ ತೊಂದರೆ ಬರುವುದಿಲ್ಲ. ಹಳೆಯ ಫಾಂಟಿನ ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಬೇಕು. ಟೂಲ್‌ಬಾರ್‌ನ ಯಾವ ಬಟನ್ ಒತ್ತಿದರೂ ಇದು ಸರಿಹೋಗುವುದಿಲ್ಲ. ಕಳಿಸುವವರಿಗೆ 'ಯುನಿಕೋಡ್‌ನಲ್ಲಿ ಬರೆದು ಕಳಿಸಿ' ಅಥವಾ 'ಪಿಡಿಎಫ್ ಮಾಡಿ ಕಳಿಸಿ' ಎಂದು ಹೇಳುವುದೇ ಸುಲಭ ದಾರಿ.

ಹೇಳಿಕೆ 5: ಸಹಾಯವಾಣಿಗೆ ಕರೆ ಮಾಡಿದರೆ ಅವರು ಸರಿಪಡಿಸಿಕೊಡುತ್ತಾರೆ.

ವಾಸ್ತವ: ಈ ಐದರಲ್ಲಿ ಹಣ ಹೋಗುವುದು ಇದರಿಂದಲೇ. ಆದ್ದರಿಂದ ಇದನ್ನು ಪ್ರತ್ಯೇಕವಾಗಿ ವಿವರಿಸುತ್ತೇವೆ.

ನಕಲಿ ಸಹಾಯವಾಣಿಯ ಬಲೆ ಹೇಗೆ ಕೆಲಸ ಮಾಡುತ್ತದೆ?

ಥಂಡರ್‌ಬರ್ಡ್‌ಗೆ ಫೋನ್ ಮೂಲಕ ನೆರವು ನೀಡುವ ಸಹಾಯವಾಣಿ ಇಲ್ಲ. ಅದರ ಅಧಿಕೃತ ಸಹಾಯ ಸಿಗುವುದು ಸಪೋರ್ಟ್ ಡಾಟ್ ಮೋಜಿಲ್ಲಾ ಡಾಟ್ ಆರ್ಗ್ ಜಾಲತಾಣದಲ್ಲಿ, ಅದೂ ಉಚಿತವಾಗಿ. ಅಂದರೆ 'ಥಂಡರ್‌ಬರ್ಡ್ ಕಸ್ಟಮರ್ ಕೇರ್' ಎಂದು ಎಲ್ಲಾದರೂ ಫೋನ್ ನಂಬರ್ ಕಂಡರೆ ಅದು ಅವರದಲ್ಲ.

ವಂಚಕರ ವಿಧಾನ ಸರಳ. ಜನ ಹುಡುಕುವ ಪದಗಳನ್ನು ಬಳಸಿ ನಕಲಿ ಪುಟ ಮಾಡಿ ತಮ್ಮ ನಂಬರ್ ಹಾಕಿರುತ್ತಾರೆ. ಕರೆ ಮಾಡಿದರೆ ಸೌಜನ್ಯದಿಂದ ಮಾತನಾಡುತ್ತಾರೆ. 'ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್ ಇದೆ, ನಾವು ಇಲ್ಲಿಂದಲೇ ನೋಡುತ್ತೇವೆ' ಎಂದು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾರೆ. ನಂತರ ಹತ್ತು ರೂಪಾಯಿ ಶುಲ್ಕ ಕಟ್ಟಿ ಅನ್ನುತ್ತಾರೆ. ನೀವು ಬ್ಯಾಂಕ್ ಆ್ಯಪ್ ತೆರೆದು ಪಿನ್ ಒತ್ತುವುದನ್ನು, ಒಟಿಪಿ ಬರುವುದನ್ನು ಅವರು ಅಲ್ಲಿಂದ ನೋಡುತ್ತಿರುತ್ತಾರೆ. ಪರದೆ ಹಂಚಿಕೊಳ್ಳುವ ಆ್ಯಪ್ ತಾನಾಗಿ ಕೆಟ್ಟದ್ದಲ್ಲ, ಕಚೇರಿಗಳಲ್ಲಿ ಅದಕ್ಕೆ ನ್ಯಾಯವಾದ ಬಳಕೆ ಇದೆ. ಅಪರಿಚಿತರ ಕೈಗೆ ಸಿಕ್ಕಾಗ ಅದು ನಿಮ್ಮ ಮನೆಯ ಕೀಲಿ ಕೊಟ್ಟಂತೆ. ಎನಿಡೆಸ್ಕ್ ಎಂಬ ಇಂಥ ಆ್ಯಪ್‌ನ ದುರ್ಬಳಕೆಯ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಬ್ಯಾಂಕ್‌ಗಳಿಗೆ ಎಚ್ಚರಿಕೆ ನೀಡಿತ್ತು.

ಹಣ ಹೋದರೆ ಏನು ಮಾಡಬೇಕು? ಕೂಡಲೇ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಜಾಲತಾಣದಲ್ಲೂ ದೂರು ಕೊಡಬಹುದು. ಜೊತೆಗೆ ನಿಮ್ಮ ಬ್ಯಾಂಕ್‌ಗೆ ತಿಳಿಸಿ, ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತ ಹೋಗುವುದರಿಂದ ನೀವು ಎಷ್ಟು ಬೇಗ ಹೇಳುತ್ತೀರೋ ಅದನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೆ ಲಾಭವಾಗುವುದು ವಂಚಕರಿಗೆ.

ಟೂಲ್‌ಬಾರ್ ಜೊತೆಗೆ ಮಾಡಿಕೊಳ್ಳಬೇಕಾದ ಒಂದು ಮುಖ್ಯ ಬದಲಾವಣೆ

ಬಟನ್‌ಗಳನ್ನು ಸರಿಮಾಡಿಕೊಳ್ಳುವಾಗಲೇ ಇನ್ನೊಂದು ಕೆಲಸ ಮಾಡಿಬಿಡಿ. ಥಂಡರ್‌ಬರ್ಡ್‌ನಲ್ಲಿ ಒಂದು ಮೇಲ್ ತೆರೆದು ಅದರ ತಲೆಭಾಗದಲ್ಲಿರುವ 'ಮೋರ್' ಒತ್ತಿ, 'ಕಸ್ಟಮೈಸ್' ಆರಿಸಿ. ಅಲ್ಲಿ ಕಳಿಸಿದವರ ಪೂರ್ಣ ವಿಳಾಸವನ್ನು ಯಾವಾಗಲೂ ತೋರಿಸು ಎಂಬ ಆಯ್ಕೆ ಇದೆ. ಅದಕ್ಕೆ ಗುರುತು ಹಾಕಿ.

ಇದು ಏಕೆ ಮುಖ್ಯ? ಮೇಲ್ ಕಳಿಸುವವರು ತಮ್ಮ ಹೆಸರಿನ ಜಾಗದಲ್ಲಿ ಏನನ್ನು ಬೇಕಾದರೂ ಬರೆದುಕೊಳ್ಳಬಹುದು. 'ಆದಾಯ ತೆರಿಗೆ ಇಲಾಖೆ' ಎಂದು ಬರೆದುಕೊಂಡರೂ ತಡೆಯುವವರಿಲ್ಲ. ಹೆಸರಿನ ಪಕ್ಕದಲ್ಲಿರುವ ವಿಳಾಸ ನೋಡಿದಾಗಲೇ ನಿಜ ಹೊರಬರುವುದು. ಎಂ.ಕೆ. ಹುಬ್ಬಳ್ಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೆಳಗಾವಿಯಿಂದ ಬರುವಾಗ ಎಂ.ಕೆ. ಹುಬ್ಬಳ್ಳಿ ಕಿತ್ತೂರಿಗಿಂತ ಮೊದಲೇ ಸಿಗುತ್ತದೆ. ಹುಬ್ಬಳ್ಳಿಗೆ ಧಾರವಾಡ ದಾಟಿ ಹೋಗಬೇಕು. 'ಎಂ.ಕೆ.' ಎಂಬ ಎರಡು ಅಕ್ಷರ ಬಿಟ್ಟರೆ ಪಾರ್ಸೆಲ್ ಬೇರೆ ಜಿಲ್ಲೆಗೇ ಹೋದೀತು. ಇ-ಮೇಲ್ ವಿಳಾಸವೂ ಹಾಗೆಯೇ, ಒಂದು ಅಕ್ಷರ ಅಥವಾ ಚುಕ್ಕೆ ಬದಲಾದರೆ ಊರೇ ಬದಲಾದಂತೆ.

ಭಾರತ ಸರ್ಕಾರದ ಮತ್ತು ಕರ್ನಾಟಕ ಸರ್ಕಾರದ ಅಧಿಕೃತ ವಿಳಾಸಗಳು ಸಾಮಾನ್ಯವಾಗಿ 'ಗೌ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಕೊನೆಯಾಗುತ್ತವೆ. ಕೊನೆಯಾಗುವುದು ಎಂಬ ಮಾತನ್ನು ಗಮನಿಸಿ. 'ಗೌ ಡಾಟ್ ಇನ್' ಎಂಬುದು ವಿಳಾಸದ ನಡುವೆ ಬಂದು ಅದರ ಮುಂದೆ ಇನ್ನೇನೋ ಇದ್ದರೆ ಅದು ಸರ್ಕಾರದ್ದಲ್ಲ. ಇ-ಪ್ಯಾನ್ ಕಾರ್ಡ್ ಡೌನ್‌ಲೋಡ್ ಮಾಡಿಕೊಳ್ಳಿ ಎಂದು ಲಿಂಕ್ ಕೊಟ್ಟು ಬರುವ ನಕಲಿ ಮೇಲ್‌ಗಳ ಬಗ್ಗೆ ಪಿಐಬಿ ಫ್ಯಾಕ್ಟ್ ಚೆಕ್ ಕೂಡ ಎಚ್ಚರಿಸಿದೆ. ವಿಳಾಸ ಸರಿಯಿದ್ದಂತೆ ಕಂಡರೂ ಲಿಂಕ್ ಒತ್ತುವ ಬದಲು ಇಲಾಖೆಯ ಜಾಲತಾಣವನ್ನು ನೀವೇ ಟೈಪ್ ಮಾಡಿ ತೆರೆಯುವುದು ಸುರಕ್ಷಿತ.

ಯಾರಿಗೆ ಯಾವ ಬಟನ್ ಬೇಕು?

ಝೆರಾಕ್ಸ್ ಅಥವಾ ಸೇವಾ ಕೇಂದ್ರ ನಡೆಸುವವರಿಗೆ: 'ಪ್ರಿಂಟ್', 'ಡಿಲೀಟ್', 'ಕ್ವಿಕ್ ಫಿಲ್ಟರ್' ಮುಂದಿರಲಿ. ಕ್ವಿಕ್ ಫಿಲ್ಟರ್ ಮೂಲಕ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳನ್ನು ಮಾತ್ರ ನೋಡಬಹುದು. ಗ್ರಾಹಕರು ಆಧಾರ್, ಪಾಸ್‌ಬುಕ್‌ಗಳ ಪ್ರತಿಯನ್ನು ನಿಮ್ಮ ಮೇಲ್‌ಗೆ ಕಳಿಸುತ್ತಾರೆ. ಪ್ರಿಂಟ್ ಆದ ಮೇಲೆ ಅದನ್ನು ಡಿಲೀಟ್ ಮಾಡಿ, ದಿನದ ಕೊನೆಗೆ ಟ್ರ್ಯಾಶ್ ಕೂಡ ಖಾಲಿ ಮಾಡಿ. 'ಡೌನ್‌ಲೋಡ್ಸ್' ಫೋಲ್ಡರ್‌ನಲ್ಲಿ ಉಳಿದ ಪ್ರತಿಯನ್ನೂ ತೆಗೆಯಿರಿ. ಸಾವಿರಾರು ಜನರ ದಾಖಲೆ ಒಂದೇ ಕಂಪ್ಯೂಟರ್‌ನಲ್ಲಿ ಬಿದ್ದಿರುವುದು ಅವರಿಗೂ ಅಪಾಯ, ನಿಮಗೂ ತಲೆನೋವು.

ಗ್ರಾಹಕರಿಗೆ: ಅಂಗಡಿಯ ಕಂಪ್ಯೂಟರ್‌ನ ಇ-ಮೇಲ್ ಪ್ರೋಗ್ರಾಮ್‌ಗೆ ನಿಮ್ಮ ಸ್ವಂತ ಖಾತೆಯನ್ನು ಸೇರಿಸಲು ಬಿಡಬೇಡಿ. ಒಮ್ಮೆ ಸೇರಿಸಿದರೆ ನೀವು ಮನೆಗೆ ಹೋದ ಮೇಲೂ ನಿಮ್ಮ ಮೇಲ್‌ಗಳು ಅಲ್ಲಿ ಬರುತ್ತಲೇ ಇರುತ್ತವೆ. ಆಧಾರ್‌ನ ಪೂರ್ಣ ಸಂಖ್ಯೆ ಬೇಕಿಲ್ಲದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಕೊಡಿ. ಅದನ್ನು ಯುಐಡಿಎಐ ಜಾಲತಾಣದಿಂದಲೇ ಪಡೆಯಬಹುದು.

ಸಹಕಾರಿ ಸಂಘ, ಶಾಲೆ, ಕಚೇರಿಯವರಿಗೆ: 'ರಿಪ್ಲೈ' ಮತ್ತು 'ರಿಪ್ಲೈ ಆಲ್' ಅಕ್ಕಪಕ್ಕ ಇಡಬೇಡಿ, ನಡುವೆ ಅಂತರ ಕೊಡಿ. ಒಬ್ಬರಿಗೆ ಹೋಗಬೇಕಾದ ಸಂಬಳದ ವಿವರ ನೂರು ಜನರಿಗೆ ಹೋಗುವುದು ಈ ಒಂದು ತಪ್ಪು ಕ್ಲಿಕ್‌ನಿಂದ. 'ಆರ್ಕೈವ್' ಮುಂದಿರಲಿ. ಅದು ಮೇಲ್ ಅನ್ನು ಅಳಿಸದೆ ವರ್ಷವಾರು ಫೋಲ್ಡರ್‌ನಲ್ಲಿ ಜೋಡಿಸಿಡುತ್ತದೆ. ಲೆಕ್ಕಪರಿಶೋಧನೆಯ ಹೊತ್ತಿಗೆ ಹುಡುಕುವುದು ಸುಲಭ.

ಫೋನಿನಲ್ಲೂ ಹೀಗೆ ಮಾಡಬಹುದೇ?

ಸ್ವಲ್ಪ ಮಟ್ಟಿಗೆ. ಆಂಡ್ರಾಯ್ಡ್‌ನ ಜಿಮೇಲ್ ಆ್ಯಪ್‌ನಲ್ಲಿ ಮೇಲ್ ಅನ್ನು ಬೆರಳಿನಿಂದ ಎಡಕ್ಕೆ ಅಥವಾ ಬಲಕ್ಕೆ ಸರಿಸಿದರೆ ಏನಾಗಬೇಕು ಎಂಬುದನ್ನು ನೀವೇ ಆರಿಸಬಹುದು. ಸೆಟ್ಟಿಂಗ್ಸ್‌ನ 'ಜನರಲ್ ಸೆಟ್ಟಿಂಗ್ಸ್' ಒಳಗೆ ಸ್ವೈಪ್‌ಗೆ ಸಂಬಂಧಿಸಿದ ಆಯ್ಕೆ ಇದೆ. 'ಮೇಲ್ ಬಂದಿತ್ತು, ಈಗ ಇಲ್ಲ' ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಸ್ವೈಪ್ ಇರುತ್ತದೆ. ಬೆರಳು ಜಾರಿ ಮೇಲ್ ಆರ್ಕೈವ್‌ಗೆ ಹೋಗಿರುತ್ತದೆ. 'ಆಲ್ ಮೇಲ್' ಎಂಬಲ್ಲಿ ನೋಡಿದರೆ ಸಿಗುತ್ತದೆ. ಥಂಡರ್‌ಬರ್ಡ್ ಕೂಡ 2024ರ ಅಕ್ಟೋಬರ್‌ನಿಂದ ಆಂಡ್ರಾಯ್ಡ್‌ನಲ್ಲಿ ಲಭ್ಯವಿದೆ.

ಕೊನೆಯ ಮಾತು

ಇ-ಮೇಲ್ ಪ್ರೋಗ್ರಾಮ್‌ನ ಬಟನ್ ಕಾಣದಿದ್ದರೆ ಅದನ್ನೇ ಹ್ಯಾಕ್‌ಗೆ ಸಾಕ್ಷಿ ಎನ್ನುವುದು ತಪ್ಪು. ಬಟನ್ ತೆಗೆದರೆ ಸೌಲಭ್ಯವಾಗಲಿ, ಮೇಲ್ ಆಗಲಿ ಅಳಿಯುವುದಿಲ್ಲ. ಬಲ ಗುಂಡಿ ಒತ್ತಿ 'ಕಸ್ಟಮೈಸ್' ಆರಿಸುವುದು ಮೊದಲ ಹೆಜ್ಜೆ, 'ರಿಸ್ಟೋರ್ ಡಿಫಾಲ್ಟ್' ಕೊನೆಯ ಆಸರೆ. ಇವೆರಡರ ನಡುವೆ ಯಾರಿಗೂ ಹಣ ಕೊಡುವ, ಪರದೆ ತೋರಿಸುವ, ಒಟಿಪಿ ಹೇಳುವ ಅಗತ್ಯವೇ ಬರುವುದಿಲ್ಲ.

ಈ ಲೇಖನವನ್ನು ನಿಮ್ಮ ಗುಂಪಿನಲ್ಲಿ ಹಂಚಿಕೊಳ್ಳುವುದಾದರೆ, ಕಂಪ್ಯೂಟರ್ ಮುಂದೆ ಕೂತು ಊರಿನವರ ಕೆಲಸ ಮಾಡಿಕೊಡುವವರಿಗೆ ಮೊದಲು ಕಳಿಸಿ. 1930 ಎಂಬ ನಂಬರ್ ಅನ್ನು ಇಂದೇ ಫೋನಿನಲ್ಲಿ ಉಳಿಸಿಕೊಳ್ಳಿ.